ಬೆಟ್ಟದ ಬುಡದ ಬೀಸಣಿಗೆ



ಒಮಾನಿನಲ್ಲೇ ಹುಟ್ಟಿ ಬೆಳೆದ ನೀವು ಶಾಲೆಯಲ್ಲಿ ‘ಡೆಲ್ಟಾ’ ಎಂಬ ಪಾಠ ಓದಿಯೇ ಇರುತ್ತೀರಿ. ಕನ್ನಡದಲ್ಲಿ ಅದು ನದೀಮುಖಜ ಭೂಮಿ. ಕಡಲು ಸೇರುವ ಹೊತ್ತಿಗೆ ನದಿಯ ಓಟ ನಿಧಾನವಾಗುತ್ತದೆ. ಹೊತ್ತು ತಂದ ಮೆಕ್ಕಲು ಮಣ್ಣನ್ನು ಅಲ್ಲೇ ಇಳಿಸಿ, ನದಿ ಕವಲೊಡೆಯುತ್ತದೆ. ನೈಲ್ ನದಿಯ ಇಂಥ ನೆಲ ಗ್ರೀಕರಿಗೆ ತಮ್ಮ ತ್ರಿಕೋನದ ಅಕ್ಷರದಂತೆ ಕಂಡಿತು. ಹೆಸರು ಹಾಗೆ ಬಂತು. ಎಲ್ಲಕ್ಕಿಂತ ದೊಡ್ಡದು ಗಂಗಾ-ಬ್ರಹ್ಮಪುತ್ರಾ ನದಿಗಳದು, ಸುಮಾರು ಒಂದು ಲಕ್ಷ ಚದರ ಕಿಲೋಮೀಟರ್.

ನಮ್ಮ ಕರ್ನಾಟಕದಲ್ಲಿ? ಕಾವೇರಿ ಹುಟ್ಟುವುದು ಕೊಡಗಿನಲ್ಲಿ, ಮಣ್ಣು ಹರಡುವುದು ತಂಜಾವೂರಿನಲ್ಲಿ. ಕೃಷ್ಣೆಯ ಮೆಕ್ಕಲು ಆಂಧ್ರದ ಕರಾವಳಿಗೆ. ಶರಾವತಿ, ನೇತ್ರಾವತಿಗಳು ಘಟ್ಟದಿಂದ ಸರಸರನೆ ಇಳಿದು ಕಡಲು ಸೇರುತ್ತವೆ. ಅಲ್ಲಿರುವುದು ಅಳಿವೆ, ಡೆಲ್ಟಾ ಅಲ್ಲ. ನಿಮ್ಮ ಅಜ್ಜಿ ಮಂಗಳೂರಿನವರೋ ಹೊನ್ನಾವರದವರೋ ಆಗಿದ್ದರೆ ‘ಅಳಿವೆ’ ಎಂದರೇನೆಂದು ಕೇಳಿ ನೋಡಿ.

ಇನ್ನು ಒಮಾನ್. ಇಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ; ಇರುವುದು ವಾದಿಗಳು. ಹಜರ್ ಪರ್ವತದ ಮೇಲೆ ಮಳೆ ಸುರಿದರೆ ಒಣ ವಾದಿ ಕೆಲವೇ ಹೊತ್ತಿನಲ್ಲಿ ತುಂಬಿ ಭೋರ್ಗರೆಯುತ್ತದೆ. ಬೆಟ್ಟದ ಇಕ್ಕಟ್ಟಿನಿಂದ ಬಯಲಿಗೆ ಬಂದೊಡನೆ ಕಲ್ಲು, ಮರಳು, ಮಣ್ಣನ್ನು ಬೀಸಣಿಗೆ ಬಿಚ್ಚಿದಂತೆ ಹರಡುತ್ತದೆ. ಡೆಲ್ಟಾ ಹುಟ್ಟುವುದು ನೀರಿನ ಅಂಚಿನಲ್ಲಿ, ಈ ಬೀಸಣಿಗೆ ಬೆಟ್ಟದ ಬುಡದಲ್ಲಿ. ಕೆಲಸ ಮಾತ್ರ ಒಂದೇ: ನೀರು ಸುಸ್ತಾದಲ್ಲಿ ಹೊರೆ ಇಳಿಸುವುದು. ಇಂಥ ಎಷ್ಟೋ ಬೀಸಣಿಗೆಗಳು ಒಂದಕ್ಕೊಂದು ಸೇರಿ ಬಾತಿನಾ ಬಯಲಾಗಿದೆ. ಅಲ್ ಖೌದ್ ಕೂಡ ಅಂಥದೇ ನೆಲ.

ಆ ಕಲ್ಲುಮರಳಿನ ಅಡಿಯಲ್ಲಿ ಸಿಹಿನೀರಿದೆ. ಖರ್ಜೂರದ ತೋಟಗಳು ಬದುಕುವುದು ಅದರಿಂದ. ಪಂಪುಗಳು ಅತಿಯಾಗಿ ಎಳೆದಾಗ ಕಡಲಿನ ಉಪ್ಪುನೀರು ನೆಲದೊಳಗೆ ನುಗ್ಗಿತು, ಎಷ್ಟೋ ತೋಟಗಳು ಹಾಳಾದವು. ಅದಕ್ಕೇ 1985ರಲ್ಲಿ ಅಲ್ ಖೌದ್ ಅಣೆಕಟ್ಟು ಬಂತು. ಪ್ರವಾಹವನ್ನು ತಡೆದು, ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಕೆಳಗೆ ಬಿಟ್ಟು ಇಂಗಿಸುತ್ತಾರೆ.

ಆದರೆ ಅಣೆಕಟ್ಟಿಗೆ ಇನ್ನೊಂದು ಮುಖವೂ ಇದೆ. 1970ರಲ್ಲಿ ಈಜಿಪ್ಟಿನ ಅಸ್ವಾನ್ ಅಣೆಕಟ್ಟು ಮುಗಿದ ಮೇಲೆ ನೈಲ್ ಡೆಲ್ಟಾಕ್ಕೆ ಹೊಸ ಮಣ್ಣು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಕಡಲು ದಡವನ್ನು ಕೊರೆಯುತ್ತಿದೆ. ನದಿ ಕಟ್ಟಿದ ನೆಲ ಉಳಿಯಬೇಕಾದರೆ ನದಿ ಮಣ್ಣು ತರುತ್ತಲೇ ಇರಬೇಕು.

ಕೊನೆಯ ಮಾತು, ಹೊಸದಾಗಿ ಲೈಸೆನ್ಸ್ ಪಡೆದವರಿಗೆ. ವಾದಿ ತನ್ನ ದಾರಿ ಮರೆಯುವುದಿಲ್ಲ. 2007ರ ಜೂನಿನಲ್ಲಿ ಗೋನು ಚಂಡಮಾರುತ ಮಸ್ಕತ್ತಿಗೆ, 2021ರ ಅಕ್ಟೋಬರಿನಲ್ಲಿ ಶಾಹೀನ್ ಬಾತಿನಾಕ್ಕೆ ಅದನ್ನೇ ತೋರಿಸಿದವು. ನಾವು ರಸ್ತೆ ಎಂದುಕೊಂಡದ್ದು ನೀರಿಗೆ ಹಳೆಯ ಹಾದಿ. ವಾದಿ ಹರಿಯುತ್ತಿದ್ದರೆ ಗಾಡಿ ಇಳಿಸಬೇಡಿ, ಇಲ್ಲಿ ಅದು ಕಾನೂನಿಗೂ ವಿರುದ್ಧ. ದಡದಲ್ಲೇ ನಿಂತು, ‘ಅಮ್ಮಾ, ತಡವಾಗುತ್ತೆ’ ಎಂದು ಮನೆಗೆ ಒಂದು ಫೋನ್ ಮಾಡಿ.