ಮನೆಬೆಕ್ಕಿನ ಮಲ ತಿಳಿಸುವ ಆರೋಗ್ಯ



ಹಸು ತೆಳ್ಳಗೆ ಸೆಗಣಿ ಹಾಕಿದರೆ ಅಂದೇ ಪಶುವೈದ್ಯರಿಗೆ ಹೇಳಿಕಳಿಸುವ ಮನೆಗಳಲ್ಲಿ ಕಣಜ ಕಾಯುವ ಬೆಕ್ಕಿನ ಕಡೆ ಯಾರೂ ನೋಡುವುದಿಲ್ಲ. ಅದು ಮಲವನ್ನು ಮಣ್ಣಿನಲ್ಲಿ ಮುಚ್ಚಿಬಿಡುವುದೂ ಇದಕ್ಕೆ ಒಂದು ಕಾರಣ.

ಆರೋಗ್ಯವಂತ ಬೆಕ್ಕಿನ ಮಲ ಕಂದುಬಣ್ಣದ್ದಾಗಿ, ಆಕಾರ ಕೆಡದೆ ಇರುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗದು. ಹಾಲು ನಿಲ್ಲಿಸಿದರೆ ಅಂಥ ಭೇದಿ ತಾನಾಗಿ ನಿಲ್ಲುತ್ತದೆ. ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಲಾಡಿಹುಳುವೆಂದು ತಿಳಿಯಬೇಕು. ಮರಿಗಳಲ್ಲಿ ವಾಂತಿಯೊಡನೆ ರಕ್ತಭೇದಿಯಾದರೆ ತಡಮಾಡುವಂತಿಲ್ಲ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಹೊಲದಲ್ಲಿ ಬ್ರೋಮಡಯೋಲೋನ್ ಇಲಿಪಾಷಾಣ ಇಟ್ಟಿದ್ದರೆ ಮೊದಲು ಅದನ್ನೇ ಶಂಕಿಸಬೇಕು. ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಆಗ ಬೆಕ್ಕಿನ ರಕ್ತವೂ ಹೆಪ್ಪುಗಟ್ಟದಂತಾಗುತ್ತದೆ. ವಸಡು ಬಿಳಿಚಿದ್ದರೆ ಪಾಷಾಣದ ಪೊಟ್ಟಣದೊಂದಿಗೆ ಪಶು ಆಸ್ಪತ್ರೆಗೆ ಒಯ್ಯುವುದು. ಇದಕ್ಕೆ ಮದ್ದು ವಿಟಮಿನ್ ಕೆ-1, ವಾರಗಟ್ಟಲೆ ಕೊಡಬೇಕಾಗುತ್ತದೆ. ಬೆಕ್ಕು ತಾನೇ ಎನ್ನುವವರು ಕಣಜದ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಲಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಕೊಡಲೇಕೂಡದು. ಬೆಕ್ಕಿಗೆ ಅದು ವಿಷ.

ಪಾಷಾಣ ಇಟ್ಟ ಮೇಲೆ ಸತ್ತ ಇಲಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು. ಬೆಕ್ಕಿಗೆ ಆ ದಿನಗಳಲ್ಲಿ ಮನೆಯಲ್ಲೇ ಹೊಟ್ಟೆ ತುಂಬ ತಿನಿಸಿ, ಹೊರಬಿಡದಿರುವುದು ಒಳ್ಳೆಯದು.