ಸಾವಿರದಲ್ಲಿ ಒಬ್ಬ



ಕಳೆದ ಚಳಿಗಾಲದಲ್ಲಿ ಖಾನಾಪುರದ ಶಾಲಾ ಮೈದಾನವೊಂದರಲ್ಲಿ ಹಾಕಿ ಪಂದ್ಯ ನೋಡುತ್ತ ಕುಳಿತಿದ್ದೆ. ಹದಿನಾರರ ಹುಡುಗನೊಬ್ಬ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ. ಪಕ್ಕದಲ್ಲಿದ್ದ ಅವನ ತಂದೆ, “ಸರ್, ಇಂಥಾ ಹುಡುಗ ಸಾವಿರದಾಗ ಒಬ್ಬ ಸಿಗತಾನ ಅಲ್ರೀ? ಸಾಲಿ ಬಿಡಿಸಿ ಬರೇ ಆಟಕ್ಕ ಹಚ್ಚಲೇನ್ರಿ?” ಎಂದು ಕೇಳಿದರು.

ನಾನು ಕೂಡಲೇ ಉತ್ತರಿಸಲಿಲ್ಲ. ಬೆಳಗಾವಿಯಲ್ಲಿ ಅಧ್ಯಾಪಕನಾಗಿದ್ದಾಗ ಇಂಥದೇ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟವನು ನಾನು. ಒಂದು ಪಂದ್ಯಾವಳಿಯ ಗೋಲುಗಳನ್ನು ಕಂಡು ವಿದ್ಯಾರ್ಥಿಯೊಬ್ಬನನ್ನು ಅಪೂರ್ವ ಪ್ರತಿಭೆಯೆಂದು ಹೊಗಳಿದೆ. ಅವನು ಪದವಿ ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ತಂಡದಲ್ಲಿಯೂ ಸ್ಥಾನ ದೊರೆಯಲಿಲ್ಲ. ಆ ಹೊಗಳಿಕೆಯ ಭಾರ ಇಂದಿಗೂ ನನ್ನ ಮೇಲಿದೆ.

ಸಾವಿರದಲ್ಲಿ ಒಬ್ಬ ಎನ್ನುವಾಗ ಆ ಸಾವಿರ ಯಾವುದೆಂಬುದೇ ಮೊದಲ ಪ್ರಶ್ನೆ. ತಾಲೂಕಿನ ಹುಡುಗರಲ್ಲಿ ಅಪರೂಪನಾದವನು ರಾಜ್ಯದ ತಂಡಕ್ಕೆ ಹೋದರೆ, ಅಲ್ಲಿರುವ ಪ್ರತಿಯೊಬ್ಬನೂ ತನ್ನ ತಾಲೂಕಿನ ಅಪರೂಪನೇ ಆಗಿರುತ್ತಾನೆ. ಆಟವನ್ನೇ ವೃತ್ತಿಯಾಗಿಸಿಕೊಂಡವರ ಲೀಗಿನಲ್ಲಿ ಜರಡಿ ಇನ್ನೂ ಸಣ್ಣದು. ಮೆಟ್ಟಿಲು ಏರಿದಂತೆ ಹೋಲಿಕೆಯ ಬಳಗವೇ ಬದಲಾಗುತ್ತದೆ.

ಎರಡನೆಯದು, ಎದುರಾಳಿ ಯಾರೆಂಬ ಪ್ರಶ್ನೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಐದು ಪಂದ್ಯಗಳಲ್ಲಿ 38 ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡಲಿಲ್ಲ. ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಅರ್ಥವೇ ಬೇರೆಯಾಗುತ್ತದೆ. ಅಫ್ಘಾನಿಸ್ತಾನ, ಅಮೆರಿಕ, ಸಿಂಗಪುರಗಳ ವಿರುದ್ಧ ಬಂದವು 14, 16 ಮತ್ತು 6, ಒಟ್ಟು 36 ಗೋಲುಗಳು. ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಒಂದು, ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದು. ಚಿನ್ನವನ್ನು ತಂದುಕೊಟ್ಟದ್ದು ಕೊನೆಯ ಈ ಎರಡು ಗೋಲುಗಳು. ಅವುಗಳಷ್ಟೇ ಮಿಗಿಲಾಗಿ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು ಅವರು. ಗೋಲು ಹೊಡೆದವರ ಪಟ್ಟಿಯಲ್ಲಿ ಅವರ ಹೆಸರು ಇರಲಾರದು.

ಇನ್ನೊಂದು, ಅವಕಾಶದ ಪ್ರಶ್ನೆ. 1932ರ ಲಾಸ್ ಏಂಜಲೀಸ್‌ನಲ್ಲಿ ತರುಣ ರೂಪ್ ಸಿಂಗ್ ಅಮೆರಿಕದ ವಿರುದ್ಧ ಒಂದೇ ಪಂದ್ಯದಲ್ಲಿ 10 ಗೋಲು ಹೊಡೆದರು; ಭಾರತ 24–1ರಿಂದ ಗೆದ್ದಿತು. ಅಲ್ಲಿ ಆಡಿದ್ದು ಮೂರೇ ತಂಡಗಳು. 2024ರ ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರದೂ 10 ಗೋಲು; ಆದರೆ ಎಂಟು ಪಂದ್ಯಗಳಲ್ಲಿ, ತಂಡದ ಒಟ್ಟು 15ರಲ್ಲಿ. ಅವೆಲ್ಲ ಪೆನಾಲ್ಟಿ ಕಾರ್ನರ್ ಅಥವಾ ಪೆನಾಲ್ಟಿ ಸ್ಟ್ರೋಕ್‌ನಿಂದ ಬಂದವು. ಆ ಹೊಡೆತಗಳ ಹೊಣೆ ಹೊತ್ತವನಿಗೆ ದೊರೆಯುವ ಅವಕಾಶ ಮುಂಪಂಕ್ತಿಯ ಹುಡುಗನಿಗೆ ದೊರೆಯುವುದಿಲ್ಲ. ಎರಡೂ ಕಡೆ ಹತ್ತೇ ಆದರೂ ಅವು ಒಂದೇ ಹತ್ತಲ್ಲ. ಎಣಿಕೆಯ ಕ್ರಮ ಕೂಡ ಸ್ಥಿರವಲ್ಲ: 2016ರ ಹಾಕಿ ಇಂಡಿಯಾ ಲೀಗ್‌ನಲ್ಲಿ ಒಂದು ಫೀಲ್ಡ್ ಗೋಲನ್ನು ಎರಡೆಂದು ಎಣಿಸಲಾಯಿತು. ಇನ್ನು ನಮ್ಮ ಖಾನಾಪುರದ ಮಳೆಗಾಲದ ಕೆಸರಿನಲ್ಲಿ ಬಂದ ಒಂದು ಗೋಲನ್ನು ನುಣುಪಾದ ಕೃತಕ ಹುಲ್ಲಿನ ಗೋಲಿನೊಡನೆ ತೂಗುವ ತಕ್ಕಡಿ ಯಾವುದು?

ಕೊನೆಯದು, ಎಷ್ಟು ಪಂದ್ಯಗಳೆಂಬ ಪ್ರಶ್ನೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವನು ಒಂದೇ ಓಲೆಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಲು ಹಿಂಜರಿಯುತ್ತಾನೆ. ಇನ್ನೂ ನಾಲ್ಕು ಪ್ರತಿಗಳನ್ನು ಅರಸುತ್ತಾನೆ. ಒಂದು ಪಂದ್ಯವೂ ಒಂದು ಪ್ರತಿಯೇ. ವರ್ಷದ ಅತಿ ಹೆಚ್ಚಿನ ಅಂಕದಲ್ಲಿ ಶಕ್ತಿಯೊಡನೆ ಅದೃಷ್ಟವೂ ಸೇರಿರುತ್ತದೆ. ಮರುವರ್ಷ ಆ ಅಂಕ ಇಳಿದರೆ ಅದು ಹುಡುಗನ ಅಪರಾಧವಲ್ಲ, ನಮ್ಮ ನಿರೀಕ್ಷೆಯ ತಪ್ಪು.

ಹಾಗೆಂದು ಪ್ರತಿಭೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1964ರ ಟೋಕಿಯೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ಈ ಮಣ್ಣಿನಿಂದ ಒಲಿಂಪಿಕ್ಸ್‌ಗೆ ದಾರಿಯಿದೆ. ಆ ಫೈನಲ್‌ನಲ್ಲಿ ಬಿದ್ದದ್ದು ಒಂದೇ ಗೋಲು. ಹೊಡೆದವರು ಮೊಹಿಂದರ್ ಲಾಲ್. ಚೆಂಡನ್ನು ತಂದುಕೊಟ್ಟವರ, ತಡೆದವರ ದುಡಿಮೆ ಅಂಕಪಟ್ಟಿಗೆ ಕಾಣಿಸದು.

ಆ ತಂದೆಗೆ ನಾನು ಹೇಳಿದ್ದು ಇಷ್ಟೇ: “ಹುಡುಗ ಚೆನ್ನಾಗಿ ಆಡತಾನ, ಆಡಲಿ. ಸಾಲಿ ಮಾತ್ರ ಬಿಡಿಸಬ್ಯಾಡ್ರಿ. ಒಂದು ವಹಿ ಇಡ್ರಿ. ಎದುರಿಗೆ ಯಾರಿದ್ದರು, ಗೋಲು ಹೆಂಗ ಬಂತು, ಎಷ್ಟು ಹೊತ್ತು ಆಡಿದ, ಎಲ್ಲಾ ಬರೀರಿ. ಎರಡು ವರ್ಷ ಆದಮ್ಯಾಲ ಇಬ್ಬರೂ ಕೂಡಿ ಓದೋಣು.” ಅವರು ಸ್ವಲ್ಪ ನಿರಾಶರಾದಂತೆ ಕಂಡಿತು. ಆದರೆ ಮೊನ್ನೆ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಚೀಲದಿಂದ ವಹಿಯನ್ನು ತೆಗೆದು ತೋರಿಸಿದರು. ಹನ್ನೊಂದು ಪಂದ್ಯಗಳ ವಿವರ ಅದರಲ್ಲಿತ್ತು. ಅಕ್ಷರ ಹುಡುಗನದು.