ಮಧುವರಸ ಒಪ್ಪಿದ ಮದುವೆ

ಹುಮನಾಬಾದ್ ಕಡೆಯಿಂದ ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ಅನುಭವ ಮಂಟಪ, ತ್ರಿಪುರಾಂತ ಕೆರೆ ನೋಡಿಕೊಂಡು ಹರಳಯ್ಯನ ಗವಿಗೂ ಹೋಗುತ್ತಾರೆ. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಕಲ್ಯಾಣದ ಅರಸ ಬಿಜ್ಜಳನ ಆಸ್ಥಾನದ ಬ್ರಾಹ್ಮಣ ಮಧುವರಸ ತನ್ನ ಮಗಳನ್ನು ಕೊಟ್ಟ. ಅಪ್ಪಂದಿರಿಬ್ಬರೂ ಶರಣರು, ಇಬ್ಬರೂ ಮನಸಾರೆ ಒಪ್ಪಿದವರು. ಅದಕ್ಕೆ ಬಿಜ್ಜಳ ವಿಧಿಸಿದ್ದು ಎಳೆಹೂಟೆ. ಅವರನ್ನು ಆನೆಯ ಕಾಲಿಗೆ ಕಟ್ಟಿಸಿ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದ ಎನ್ನುತ್ತದೆ ಶರಣ ಪರಂಪರೆ. 1167ರ ಸುಮಾರಿಗೆ ಬಿಜ್ಜಳನೂ ಕೊಲೆಯಾದ, ಕಲ್ಯಾಣದ ಶರಣರು ಚದುರಿಹೋದರು. ಗಿರೀಶ ಕಾರ್ನಾಡರ 'ತಲೆದಂಡ' ನಾಟಕ ಹುಟ್ಟಿದ್ದು ಈ ದುರಂತದಿಂದ.

ಶಿಕ್ಷೆ ಬಿದ್ದದ್ದು ಒಪ್ಪಿದ ಅಪ್ಪಂದಿರಿಗೆ ಎಂಬುದನ್ನು ಗಮನಿಸಿ. ಮಗಳನ್ನು ಹತೋಟಿಯಲ್ಲಿಡದ ತಂದೆಯೇ ಅಪರಾಧಿ ಎಂದು ಊರಿಗೆಲ್ಲ ಸಾರಿದ ಹಾಗಾಯಿತು. ಇಂದಿನ ಮರ್ಯಾದೆಗೇಡು ಹತ್ಯೆಗಳ ಬೇರು ಇದೇ ಭಯದಲ್ಲಿದೆ. ಆಗ ಕೊಲ್ಲಿಸಿದವನು ಅರಸ; ಈಗ ಮನೆಮಗಳನ್ನು ಕೊಲ್ಲುವ ಕೆಲಸಕ್ಕೆ ಅಪ್ಪ, ಅಣ್ಣ, ಚಿಕ್ಕಪ್ಪಂದಿರೇ ಇಳಿಯುತ್ತಾರೆ.

ಹೆಣ್ಣಿನ ಮೇಲೇ ಏಕೆ ಈ ಕ್ರೌರ್ಯ? ಜಾತಿ ಬದುಕಿರುವುದೇ ಒಳಮದುವೆಯಿಂದ ಎಂದು ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದ್ದರು. ಜಾತಿ ಉಳಿಯಬೇಕಾದರೆ ಹೆಣ್ಣಿನ ಇಷ್ಟಕ್ಕೆ ಕಾವಲು ಬೇಕು. ವರ ಕೆಳಗಿನ ಜಾತಿಯವನಾದರೆ ಧರ್ಮಶಾಸ್ತ್ರಗಳು ಅದನ್ನು ಪ್ರತಿಲೋಮವೆಂದು ಇನ್ನೂ ಕಟುವಾಗಿ ಖಂಡಿಸಿದವು. ಹುಡುಗ ದಲಿತನೆಂದು ಗೊತ್ತಾದಾಗ ಸಿಟ್ಟು ನೆತ್ತಿಗೇರುವುದು ಆ ಹಳೆಯ ಪಾಠದಿಂದಲೇ. ಆಸ್ತಿಯ ಮಾತೂ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಹೊಲ ಬೇರೆಯವರ ಪಾಲಾದೀತೆಂಬ ಅಳುಕೂ ಜೊತೆಗೆ ಬಂತು.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನಾಲ್ಕು ಮಂದಿಯ ಮಾತು. "ಮಂದಿಗೆ ಹ್ಯಾಂಗ ಮಾರಿ ತೋರಸ್ಲಿ?" "ಸಣ್ಣಾಕಿನ್ನ ಇನ್ನ ಯಾರು ಮಾಡ್ಕೋತಾರ?" ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಚಹಾದಂಗಡಿ ಕಟ್ಟೆಯ ಮೇಲೆ ಆಡಿದ ಚುಚ್ಚುಮಾತು ಹುಡುಗಿಯ ಮನೆಯೊಳಗೆ ದಿನವೂ ಬೇಯುತ್ತದೆ. ಹಾಗಾಗಿ ಈ ಹತ್ಯೆಗಳನ್ನು ಕ್ಷಣದ ಕೋಪ ಎನ್ನಬಾರದು. ಕ್ಷಮಿಸಿದ್ದೇವೆ, ಮನೆಗೆ ಬಾ ಎಂದು ಕರೆಸಿಕೊಂಡು ಕೊಂದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ.

ಇಂದಿನ ಕಾನೂನು ಬಿಜ್ಜಳನ ಕಡೆಗಿಲ್ಲ. 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆತನದ್ದಾಗಲಿ ಕುಲದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದಿತು. ಜೋಡಿಗಳಿಗೆ ಸುರಕ್ಷಿತ ವಸತಿ, ಜಿಲ್ಲೆಗೊಂದು ವಿಶೇಷ ಘಟಕ ಇರಬೇಕೆಂದೂ ಹೇಳಿತು. ಹಾಗಿದ್ದೂ ರಕ್ಷಣೆ ಕೇಳಿ ಬಂದ ಹುಡುಗಿಯನ್ನು ಠಾಣೆಯಲ್ಲಿ ರಾಜಿ ಮಾಡಿಸಿ ತವರಿಗೆ ಕಳಿಸಿದರೆ, ಅವಳನ್ನು ಸಾವಿನ ಬಾಯಿಗೆ ಒಪ್ಪಿಸಿದಂತೆಯೇ.

ಬೀದರ್ ಜಿಲ್ಲೆಯ ನನ್ನ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿಯ ಹುಡುಗಿ ಮೆಚ್ಚಿದವನನ್ನು ಮದುವೆಯಾದರೆ ಅವಳ ಅಪ್ಪ ಅವ್ವನ ಮನೆಗೆ ಹೋಗಿ, ಒಂದು ಕಪ್ ಚಹಾ ಕುಡಿದು, ಧೈರ್ಯ ಹೇಳಿ ಬನ್ನಿ. ಅವರ ಕಿರಿಯ ಮಗಳಿಗೆ ನೀವೇ ಒಂದು ಸಂಬಂಧ ನೋಡಿ. ಬೆದರಿಕೆಯ ಸುಳಿವು ಸಿಕ್ಕರೆ ತಡಮಾಡದೆ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ.